ಅವ್ವನಿಗೆ ಕೇಳಬಾರದ ಸದ್ದು

ರಾಣೆಬೆನ್ನೂರು
6 ಜನವರಿ 2025

ಚಿ. ದುರ್ಗೇಶನಿಗೆ ಆಶೀರ್ವಾದಗಳು.

ಶಾಲೆಯ ಅಕ್ಕೋರಿಂದ ಪತ್ರ ಬಂತೆಂದು ಗಾಬರಿಯಾಗಬೇಡ. ಫೋನೆಂದರೆ ನಿನ್ನ ನಾಲಗೆ ಕಟ್ಟುತ್ತದೆ ಎಂಬುದು ನನಗೆ ನೆನಪಿದೆ. ನನಗೂ ಈಚೆಗೆ ಗಂಟಲು ಸರಿಯಿಲ್ಲ, ಮಾತು ಕಡಿಮೆ ಮಾಡಿದ್ದೇನೆ. ಹಾಗಾಗಿ ಇಬ್ಬರಿಗೂ ಪತ್ರವೇ ಒಳ್ಳೆಯದು.

ಮದುವೆ ವಿಡಿಯೋ ಎಡಿಟಿಂಗಿಗೆಂದು ಎರಡು ವರ್ಷದ ಹಿಂದೆ ನಮ್ಮ ಮನೆಯವರಾದ ಮನೋಹರ ಅವರಿಗೆ ನೀನು ಜೋಡಿಸಿಕೊಟ್ಟ ಕಂಪ್ಯೂಟರಿನ ವಿಷಯ. ಅದರ ತಲೆ ಬಿಸಿಯಾಗದಂತೆ ಒಳಗೆ ನೀರು ಸುತ್ತುತ್ತದೆ ಎಂದು ನೀನು ಅಂದು ತೋರಿಸಿದ್ದೆ. ಈಗ ಆ ನೀರು ಸದ್ದು ಮಾಡುತ್ತಿದೆ. ಒಮ್ಮೆ ಗುಳುಗುಳು ಎನ್ನುತ್ತದೆ, ಒಮ್ಮೆ ಗುಂಯ್ ಎನ್ನುತ್ತದೆ. ಫ್ಯಾನುಗಳದ್ದು ಬೇರೆ.

ನಾನು ಆ ಕೋಣೆಯಲ್ಲಿ ಕೂತು ಶಾಲೆಯ ಮಕ್ಕಳಿಗಾಗಿ ಕೆಲವು ಪಾಠ ರೆಕಾರ್ಡ್ ಮಾಡಬೇಕಾಗಿದೆ. ನಮ್ಮ ಮನೆ ದೊಡ್ಡ ರಸ್ತೆಗೆ ಇರುವುದರಿಂದ ಮುಚ್ಚಿದ ಕೋಣೆ ಅದೊಂದೇ. ಮೊಬೈಲಿನಲ್ಲಿ ಪ್ರಯತ್ನಿಸಿದೆ, ನನ್ನ ಈಗಿನ ಸಣ್ಣ ದನಿಯನ್ನು ಅದು ಹಿಡಿಯಲಿಲ್ಲ. ಮನೋಹರ ಅವರ ದೊಡ್ಡ ಮೈಕು ಹಿಡಿಯುತ್ತದೆ, ಆದರೆ ಕಂಪ್ಯೂಟರಿನ ಸದ್ದನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ಸದ್ದನ್ನು ಆಮೇಲೆ ಅಳಿಸಲು ಅವರು ನೋಡಿದರು. ನಾನು ಬಾವಿಯೊಳಗೆ ಕೂತು ಮಾತಾಡಿದ ಹಾಗಾಯಿತು.

ಈ ಭಾನುವಾರ ಬಂದುಹೋಗು. ಬ್ಯಾಡಗಿಯಿಂದ ಒಂದು ತಾಸಿನ ದಾರಿ.

ನಿನ್ನ
ನಾಗಲಕ್ಷ್ಮಿ ಅಕ್ಕೋರು

*

ಬ್ಯಾಡಗಿ
11 ಜನವರಿ 2025

ಪೂಜ್ಯ ಅಕ್ಕೋರಿಗೆ ದುರ್ಗೇಶನ ನಮಸ್ಕಾರಗಳು.

ನಿಮ್ಮ ಪತ್ರ ನನ್ನ ಹಳೆಯ ಕಂಪ್ಯೂಟರ್ ಅಂಗಡಿಯ ವಿಳಾಸಕ್ಕೆ ಹೋಗಿ ನನ್ನ ಕೈಗೆ ತಡವಾಗಿ ಸೇರಿತು. ಹೋದ ದಸರೆಗೆ ಅಂಗಡಿ ಮುಚ್ಚಿದೆ. ಈಗ ಇಲ್ಲಿನ ಒಂದು ಕೋಲ್ಡ್ ಸ್ಟೋರೇಜಿನ ಮಷಿನ್ ರೂಮಿನಲ್ಲಿ ಇದ್ದೇನೆ. ಮೆಣಸಿನಕಾಯಿ ಚೀಲಗಳು ತಣ್ಣಗಿರುವಂತೆ ಕಂಪ್ರೆಸರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆ ಗದ್ದಲದಲ್ಲಿ ಯಾರೂ ಯಾರೊಂದಿಗೂ ಮಾತಾಡುವುದಿಲ್ಲ.

ಜೋಡಿಸಿಕೊಟ್ಟ ದಿನ ಆ ಕಂಪ್ಯೂಟರು ಸದ್ದು ಮಾಡುತ್ತಿರಲಿಲ್ಲ. ಮನೋಹರ ಸರ್ ಅವರಿಗೆ ನನ್ನ ಕೆಲಸದ ಬಗ್ಗೆ ಅಸಮಾಧಾನವಿದ್ದರೆ ನೇರವಾಗಿಯೇ ತಿಳಿಸಬಹುದು.

ಗುಳುಗುಳು ಎನ್ನುವುದು ಗಾಳಿ. ಪಂಪ್‌ಸೆಟ್ಟಿನ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡ ಹಾಗೆ. ವರ್ಷಗಳಾದಂತೆ ಒಳಗಿನ ನೀರು ತುಸು ಆರಿ ಗಾಳಿಗೆ ಜಾಗವಾಗುತ್ತದೆ. ನೀರು ತಣಿಯುವ ಅಗಲದ ಜಾಲರಿ, ಅಂದರೆ ರೇಡಿಯೇಟರ್, ಡಬ್ಬಿಯ ಮುಂದುಗಡೆ ಇದೆ. ಅದರ ಎರಡು ರಬ್ಬರು ಕೊಳವೆಗಳು ಈಗ ಮೇಲ್ಮುಖವಾಗಿವೆ. ಜಾಗ ಸಾಲದೆಂದು ಅಂದು ನಾನೇ ಹಾಗೆ ಕೂರಿಸಿದ್ದೆ, ಅದು ನನ್ನ ತಪ್ಪು. ಗಾಳಿ ಯಾವಾಗಲೂ ಮೇಲೆ ನಿಲ್ಲುತ್ತದೆ, ಕೊಳವೆ ಮೇಲಿದ್ದರೆ ಅದರೊಳಗೇ ನುಗ್ಗುತ್ತದೆ. ರೇಡಿಯೇಟರನ್ನು ಬಿಚ್ಚಿ ಕೊಳವೆಗಳು ಕೆಳಗೆ ಬರುವಂತೆ ತಿರುಗಿಸಿ ಕೂರಿಸಬೇಕು. ಎಂಟು ಸ್ಕ್ರೂಗಳಿವೆ. ಚಿತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ.

ಹೊಸ ಮೆಣಸಿನಕಾಯಿಯ ಆವಕ ಶುರುವಾಗಿದೆ, ದಿನಾ ಲೋಡು ಬರುತ್ತದೆ. ಭಾನುವಾರವೂ ರಜೆ ಇಲ್ಲ. ಬರಲಾಗುವುದಿಲ್ಲ, ಕ್ಷಮಿಸಿ.

ತಮ್ಮ ವಿಧೇಯ
ದುರ್ಗೇಶ

*

ರಾಣೆಬೆನ್ನೂರು
17 ಜನವರಿ 2025

ಚಿ. ದುರ್ಗೇಶ,

ಮನೋಹರ ಅವರಿಗೆ ಯಾವ ಅಸಮಾಧಾನವೂ ಇಲ್ಲ. ಅಂಗಡಿ ಮುಚ್ಚಿದ ಸುದ್ದಿ ಓದಿ ನಮ್ಮಿಬ್ಬರಿಗೂ ಕೆಡುಕೆನಿಸಿತು.

ನೀನು ಹೇಳಿದಂತೆ ತಿರುಗಿಸಿದೆವು. ಅವರು ಟಾರ್ಚು ಹಿಡಿದರು, ಸ್ಕ್ರೂ ಬಿಚ್ಚಿದ್ದು ನಾನು. ಗುಳುಗುಳು ನಿಂತಿತು. ಆದರೆ ಆ ಗುಂಯ್ ಹಾಗೆಯೇ ಇದೆ. ಮುಂಚೆ ಎರಡು ಸದ್ದಿದ್ದಾಗ ಒಂದರಲ್ಲೊಂದು ಬೆರೆತಿತ್ತು, ಈಗ ಇದೊಂದೇ ಎದ್ದು ಕೇಳುತ್ತದೆ.

ನಿನ್ನೆ ಆ ಕೋಣೆಯಿಂದಲೇ ಹಲಗೇರಿಗೆ ಅವ್ವನಿಗೆ ಫೋನು ಮಾಡಿದ್ದೆ. ನಾಲ್ಕು ಮಾತು ಆಡುವುದರೊಳಗೆ ಅವ್ವ, "ನಾಗೀ, ನಿನ್ನ ಬೆನ್ನ ಹಿಂದ ಅದೇನ ಗುಂಯ್ ಅನ್ನಾಕತ್ತೈತಿ? ಗಿರಣ್ಯಾಗ ಕುಂತೀಯೇನು?" ಎಂದು ಕೇಳಿದಳು. ಅವಳ ಕಿವಿ ನಿನಗೆ ಗೊತ್ತಲ್ಲ. ನಿಮ್ಮೂರಿನವಳೇ. ನೀನು ಓಣಿಯಲ್ಲಿ ಬರುತ್ತಿದ್ದರೆ ಚಪ್ಪಲಿ ಸದ್ದಿನಲ್ಲೇ ಗುರುತು ಹಿಡಿಯುತ್ತಿದ್ದಳು.

ಅವಳಿಗೆ ಕೇಳಬಾರದು. ಅಷ್ಟು ಸದ್ದಡಗಬೇಕು. ನನಗೆ ದಿನಗಳೂ ಹೆಚ್ಚಿಲ್ಲ. ಅರ್ಧ ದಿನ ರಜೆ ಕೇಳಿ ಬಾ.

ನಾಗಲಕ್ಷ್ಮಿ

*

ಬ್ಯಾಡಗಿ
22 ಜನವರಿ 2025

ಪೂಜ್ಯ ಅಕ್ಕೋರಿಗೆ,

ಸ್ಕ್ರೂ ನೀವೇ ಬಿಚ್ಚಿದಿರೆಂದು ಓದಿ ನಾಚಿಕೆಯಾಯಿತು.

ಗುಂಯ್ ಎನ್ನುವುದಕ್ಕೆ ಮೂರು ಮೂಲ ಇರಬಹುದು. ಒಂದು ಫ್ಯಾನು. ಕಂಪ್ಯೂಟರು ಶುರುವಾಗುವಾಗ ಬರುವ ಸೆಟ್ಟಿಂಗಿನ ಪುಟದಲ್ಲಿ ಫ್ಯಾನಿನ ವೇಗ ಅರ್ಧಕ್ಕಿಳಿಸಿ. ಬರೀ ದನಿ ರೆಕಾರ್ಡು ಮಾಡುವಾಗ ಅಷ್ಟು ಗಾಳಿ ಬೇಕಾಗಿಲ್ಲ. ಎರಡನೆಯದು ನಡುಕ. ರೇಡಿಯೇಟರಿನ ನಡುಕ ತಗಡಿಗೆ ಹತ್ತಿ ಇಡೀ ಡಬ್ಬಿ ಗುಂಯ್‌ಗುಡುತ್ತದೆ. ಎಂಟು ರಬ್ಬರು ವಾಷರುಗಳನ್ನು ಈ ಪೊಟ್ಟಣದಲ್ಲಿ ಇಟ್ಟಿದ್ದೇನೆ, ಪ್ರತಿ ಸ್ಕ್ರೂವಿನ ಕೆಳಗೂ ಒಂದೊಂದು ಹಾಕಿ. ಡಬ್ಬಿಯನ್ನು ಟೇಬಲ್ಲಿನ ಮೇಲಿಂದ ಇಳಿಸಿ ದಪ್ಪ ರಬ್ಬರಿನ ಮೇಲಿಡಿ. ಮೂರನೆಯದು ಪಂಪು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೇಲೂ ಹಿಡಿಕೆಯನ್ನು ಕಿವಿಗೂ ಒತ್ತಿ ಹಿಡಿದರೆ ಗೊತ್ತಾಗುತ್ತದೆ. ಕೆರೆದ ಹಾಗೆ ಕೇಳಿದರೆ ಅದರ ಆಯುಷ್ಯ ಮುಗಿದಿದೆ.

ಒಂದು ಮಾತು. ಪಾಠ ಕೇಳುವ ಮಕ್ಕಳು ಇಷ್ಟು ಸಣ್ಣ ಸದ್ದನ್ನು ಗಮನಿಸುವುದಿಲ್ಲ. ನೀವು ತರಗತಿಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಮತ್ತೆ ಬರೆಸುತ್ತಿದ್ದಿರಿ. ಇದೂ ಹಾಗೆಯೇ ಆಗುತ್ತಿದೆಯೇನೋ.

ರಜೆ ಕೊಡುತ್ತಿಲ್ಲ.

ದುರ್ಗೇಶ

*

ರಾಣೆಬೆನ್ನೂರು
1 ಫೆಬ್ರವರಿ 2025

ದುರ್ಗೇಶ,

ವಾಷರು ಹಾಕಿದೆವು. ಫ್ಯಾನು ಇಳಿಸಿದೆವು. ಪಂಪಿಗೆ ಸ್ಕ್ರೂಡ್ರೈವರ್ ಹಿಡಿದು ಕೇಳಿದೆ. ಕೆರೆಯುತ್ತಿದೆ.

ನಿನಗೆ ಸುಳ್ಳು ಹೇಳಿದ್ದೆ. ಪಾಠವೂ ಇಲ್ಲ, ಮಕ್ಕಳೂ ಇಲ್ಲ. ನನ್ನ ಗಂಟಲಿನಲ್ಲಿ ಗಡ್ಡೆಯಾಗಿದೆ, ಅದು ಕೆಟ್ಟ ಗಡ್ಡೆ. ಈ ತಿಂಗಳು ಹತ್ತೊಂಬತ್ತಕ್ಕೆ ಹುಬ್ಬಳ್ಳಿಯಲ್ಲಿ ದನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಜೀವ ಉಳಿಯಬಹುದು ಎಂದಿದ್ದಾರೆ, ದನಿ ಉಳಿಯುವುದಿಲ್ಲ.

ಅವ್ವನಿಗೆ ಹೇಳಿಲ್ಲ. ಅವಳ ಕಣ್ಣು ಹೋಗಿ ಹನ್ನೆರಡು ವರ್ಷವಾಯಿತು. ತಮ್ಮ ಚನ್ನೇಶ ಮತ್ತು ಅವನ ಹೆಂಡತಿ ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೂ ದಿನಾ ಸಂಜೆ ಏಳಕ್ಕೆ ನನ್ನ ಫೋನು ಬಾರದಿದ್ದರೆ ಊಟದ ತಾಟು ಮುಟ್ಟುವುದಿಲ್ಲ. ನನ್ನ ಮುಖ ಅವಳಿಗೆ ಮರೆತೇ ಹೋಗಿದೆಯಂತೆ. ಒಂದು ಸಲ ಅವಳೇ ಹಾಗೆಂದಳು. "ಈಗ ನೀ ಅಂದ್ರ ನಿನ್ನ ದನೀನ ನೋಡವ್ವ ನನಗ" ಎಂದಳು. ಆ ದನಿ ಹೋಗುತ್ತದೆಂದು ಅವಳಿಗೆ ಯಾವ ಬಾಯಿಂದ ಹೇಳಲಿ?

ಹಾಗಾಗಿ ನಾನು ಮತ್ತು ಮನೋಹರ ಹೀಗೆ ಮಾಡಿದ್ದೇವೆ. ದಿನಕ್ಕೊಂದರಂತೆ ಫೋನಿನ ಮಾತುಗಳನ್ನು ಮೊದಲೇ ರೆಕಾರ್ಡ್ ಮಾಡಿಡುವುದು. ಊಟ ಆತನ ಯವ್ವಾ ಎಂದು ಕೇಳಿ, ಅವಳು ಉತ್ತರಿಸುವಷ್ಟು ಹೊತ್ತು ಸುಮ್ಮನಿದ್ದು, ಮುಂದಿನ ಮಾತು. ನಾನು ಆಸ್ಪತ್ರೆಯಲ್ಲಿರುವಾಗ ಅವರು ಅದನ್ನು ಫೋನಿಗೆ ಹಿಡಿಯುತ್ತಾರೆ. ಎರಡು ತಿಂಗಳಿಗಾಗುವಷ್ಟಾದರೂ ಬೇಕು. ಆಮೇಲಿನದು ಆಮೇಲೆ.

ಮಾತಿನ ನಡುವೆ ನಾನು ಸುಮ್ಮನಿರುವ ಹೊತ್ತಿನಲ್ಲಿ ಆ ಪಂಪು ಕೇಳುತ್ತದೆ. ನನ್ನ ದನಿ ದಿನಕ್ಕಿಷ್ಟು ಕಡಿಮೆಯಾಗುತ್ತಿದೆ. ಇನ್ನು ಬಾ ಎಂದು ಕರೆಯುವುದಿಲ್ಲ. ಹೇಳಿದ್ದೇನೆ ಅಷ್ಟೆ.

ನಾಗಲಕ್ಷ್ಮಿ

*

ಬ್ಯಾಡಗಿ
10 ಫೆಬ್ರವರಿ 2025

ಪೂಜ್ಯ ಅಕ್ಕೋರಿಗೆ,

ನಿನ್ನೆ ನಿಮ್ಮ ಮನೆಗೆ ಬಂದಾಗ ನಿಮ್ಮೆದುರು ಕೂತು ಹೇಳಲು ಆಗದ್ದನ್ನು ಬರೆಯುತ್ತಿದ್ದೇನೆ.

ಆವಕ, ರಜೆ ಎಂದೆಲ್ಲ ಬರೆದದ್ದು ಪೂರ್ತಿ ನಿಜವಲ್ಲ. ಕೇಳಿದ್ದರೆ ರಜೆ ಸಿಗುತ್ತಿತ್ತು. ಅಂಗಡಿ ಮುಚ್ಚಿದ ಮೇಲೆ ನನ್ನ ತೊದಲು ಮರಳಿ ಬಂತು, ಮೊದಲಿಗಿಂತ ಕೆಟ್ಟದಾಗಿ. ಎರಡು ವರ್ಷ ದಿನಾ ಶಾಲೆ ಬಿಟ್ಟ ಮೇಲೆ ನನ್ನನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿ ನನ್ನ ಬಾಯಿ ಬಿಡಿಸಿದವರು ನೀವು. ನಿಮ್ಮ ಮುಂದೆ ಹೇಗೆ ನಿಲ್ಲಲಿ ಎಂದು ಬರಲಿಲ್ಲ. ಅದಕ್ಕೇ ಚಿತ್ರ, ವಾಷರು ಕಳಿಸಿದೆ.

ಬಾಗಿಲಲ್ಲಿ 'ಅಕ್ಕೋರೆ' ಎನ್ನಲು ನನಗೆ ಎಷ್ಟು ಹೊತ್ತಾಯಿತೆಂದು ನೀವೂ ನೋಡಿದಿರಿ. ಆ ಪದವನ್ನು ನೀವು ನನ್ನ ಬಾಯಿಂದ ಕಸಿದು ಮುಗಿಸಿಕೊಡಲಿಲ್ಲ. ಎಲ್ಲರೂ ಮುಗಿಸಿಕೊಡುತ್ತಾರೆ. ಆಮೇಲೆ ನೀವು "ಬಾರಪಾ" ಎಂದಿರಿ. ಆ ದನಿ ನನಗೆ ಗುರುತು ಹತ್ತಲಿಲ್ಲ.

ಕೋಣೆಗೆ ಕಾಲಿಟ್ಟಕೂಡಲೇ ನನಗೆ ತಿಳಿಯಿತು. ಹೊಸ ಪಂಪು ತರಿಸಲು ಹತ್ತು ದಿನ ಬೇಕು, ನಿಮ್ಮ ಹತ್ತಿರ ಹತ್ತು ದಿನವಿಲ್ಲ. ಆದರೆ ಪಂಪಿನ ಗೊಡವೆಯೇ ಬೇಕಿರಲಿಲ್ಲ. ಗೋಡೆಯ ಆ ಕಡೆ ನಿಮ್ಮ ಅಡುಗೆಮನೆಯ ಮೂಲೆ ಖಾಲಿಯಿದೆ. ಗೋಡೆಗೆ ಒಂದು ತೂತು ಕೊರೆದು, ಮೈಕಿನ ವೈರು, ಪರದೆಯ ವೈರು ಹಾಯಿಸಿ, ಕಂಪ್ಯೂಟರನ್ನು ಆಚೆ ಇಟ್ಟರೆ ಮುಗಿಯಿತು. ಮುಕ್ಕಾಲು ತಾಸಿನ ಕೆಲಸ. ಒಂದು ತಿಂಗಳು ನಾನು ಸದ್ದಿನ ಮೂಲ ಹುಡುಕುತ್ತ ಪತ್ರ ಬರೆದೆ. ಜನವರಿ ಹನ್ನೆರಡನೆಯ ತಾರೀಖೇ ಬಂದಿದ್ದರೆ ಅಂದೇ ಕಾಣುತ್ತಿತ್ತು. ಅಂದು ನಿಮ್ಮ ದನಿಯೂ ಇತ್ತು.

ನೀವು ಒಳಗೆ ಕೂತು ರೆಕಾರ್ಡ್ ಮಾಡುವಾಗ ನಾನು ಅಡುಗೆಮನೆಯಲ್ಲಿ ಕಂಪ್ಯೂಟರಿನ ಪಕ್ಕ ನಿಂತಿದ್ದೆ. ಗೋಡೆಯ ತೂತಿನಿಂದ ಊಟ ಆತನ ಯವ್ವಾ ಎಂದು ಕೇಳಿತು. ಮತ್ತೆ ಸುಮ್ಮನಾದಿರಿ. ಮತ್ತೆ ಕೆಮ್ಮಿದಿರಿ. ಮತ್ತೆ ಮೊದಲಿನಿಂದ ಕೇಳಿದಿರಿ. ಆರು ಸಲ.

ನನ್ನನ್ನು ಕ್ಷಮಿಸಬೇಡಿ. ಹತ್ತೊಂಬತ್ತಕ್ಕೆ ಹುಬ್ಬಳ್ಳಿಗೆ ಬರಲೇ?

ದುರ್ಗೇಶ

*

ರಾಣೆಬೆನ್ನೂರು
16 ಫೆಬ್ರವರಿ 2025

ಚಿ. ದುರ್ಗೇಶ,

ಹುಬ್ಬಳ್ಳಿಗೆ ಬರಬೇಡ. ಮನೋಹರ ಇರುತ್ತಾರೆ.

ತಪ್ಪು ನನ್ನದೂ ಇದೆ. ಮೊದಲ ಪತ್ರದಲ್ಲೇ ನಿಜ ಬರೆದಿದ್ದರೆ ನೀನು ಅಂದೇ ಓಡಿ ಬರುತ್ತಿದ್ದೆ. ಮಕ್ಕಳ ಪಾಠವೆಂದು ಬರೆದೆ. ಕಾಯಿಲೆಯ ಹೆಸರನ್ನು ಕಾಗದದ ಮೇಲೆ ಬರೆದರೆ ಅದು ಖರೇ ಆಗಿಬಿಡುತ್ತದೆಂಬ ಹೆದರಿಕೆ ನನಗಿತ್ತು.

ಒಟ್ಟು ಐವತ್ತೊಂದು ರೆಕಾರ್ಡು ಆದವು. ಜನವರಿಯಲ್ಲಿ ಮಾಡಿದ ಹದಿಮೂರು ರೆಕಾರ್ಡುಗಳಲ್ಲಿ ದನಿ ನನ್ನದೇ, ಆದರೆ ಪಂಪು ಇದೆ. ಈ ವಾರದ ಮೂವತ್ತೆಂಟರಲ್ಲಿ ಏನೂ ಸದ್ದಿಲ್ಲ, ಗಡಿಯಾರದ ಟಿಕ್ ಕೂಡ ಇಲ್ಲ. ಆದರೆ ದನಿ ಯಾರದೋ. ಯಾವುದನ್ನು ಮೊದಲು ಹಾಕುವುದೆಂದು ಮನೋಹರ ಮೂರು ದಿನ ಯೋಚಿಸಿದರು. ಕಡೆಗೆ ನೆಗಡಿಯಾಗಿದೆ ಎಂದು ನನ್ನಿಂದಲೇ ಹೇಳಿಸಿದ ಒಂದನ್ನು ಮೊದಲಿಗೆ ಇಟ್ಟಿದ್ದಾರೆ. ಆಮೇಲೆ ಉಳಿದವು.

ನನಗೊಂದು ಉಪಕಾರ ಮಾಡು. ನೀನು ಊರಿಗೆ ಹೋದಾಗ ಏಳು ಗಂಟೆಯ ಹೊತ್ತಿಗೆ ನಮ್ಮ ಮನೆಗೆ ಹೋಗಿ ಅವ್ವನ ಪಕ್ಕ ಕೂಡು. ಫೋನು ಬಂದಾಗ ಅವಳ ಮುಖ ನೋಡು. ಅವಳು ನಂಬುತ್ತಾಳೋ ಇಲ್ಲವೋ ಎಂದು ಇದ್ದದ್ದು ಇದ್ದ ಹಾಗೆ ಬರೆ. ಚನ್ನೇಶನಿಗೆ ವಿಷಯ ಗೊತ್ತು, ಆದರೆ ನನಗೆ ನೋವಾಗುತ್ತದೆಂದು ಮರೆಮಾಚುತ್ತಾನೆ.

ಇವತ್ತು ಸಂಜೆ ಅವ್ವನೊಂದಿಗೆ ನಾನೇ ಮಾತಾಡುತ್ತೇನೆ. ನಾಳೆ, ನಾಡಿದ್ದು ಕೂಡ. ಅಷ್ಟೇ.

ನಾಗಲಕ್ಷ್ಮಿ

*

ಬ್ಯಾಡಗಿ
3 ಮಾರ್ಚ್ 2025

ಪೂಜ್ಯ ಅಕ್ಕೋರಿಗೆ,

ಶಸ್ತ್ರಚಿಕಿತ್ಸೆ ಸರಿಯಾಗಿ ಆಯಿತೆಂದು ಮನೋಹರ ಸರ್ ತಿಳಿಸಿದರು. ದೇವರಗುಡ್ಡದ ಮಾಲತೇಶನಿಗೆ ಕೈ ಮುಗಿದೆ.

ನಿನ್ನೆ ಹಲಗೇರಿಗೆ ಹೋಗಿದ್ದೆ. ನಿಮ್ಮ ಅವ್ವ, ಮುದುಕವ್ವ ಅಮ್ಮ, ಕಟ್ಟೆಯ ಮೇಲೆ ಕೂತಿದ್ದರು. ಏಳಕ್ಕೆ ಫೋನು ಬಂತು. ಚನ್ನೇಶಣ್ಣನ ಹೆಂಡತಿ ಅದನ್ನು ಅವರ ಕಿವಿಗೆ ಹಿಡಿದರು. ನೀವು ಕೇಳಿದ್ದಕ್ಕೆಲ್ಲ ಅಮ್ಮ ಉತ್ತರ ಕೊಟ್ಟರು. ರೊಟ್ಟಿ, ಹೆಸರುಕಾಳ ಪಲ್ಯ ಎಂದರು. ನಕ್ಕರು.

ಅವರಿಗೆ ಏನೂ ಗೊತ್ತಾಗಿಲ್ಲ. ನೀವು ನಿಶ್ಚಿಂತೆಯಿಂದಿರಿ.

ದುರ್ಗೇಶ

*

ರಾಣೆಬೆನ್ನೂರು
21 ಮಾರ್ಚ್ 2025

ದುರ್ಗೇಶ,

ಮನೆಗೆ ಬಂದು ಹತ್ತು ದಿನವಾಯಿತು. ಮೂಗಿನ ನಳಿಕೆ ತೆಗೆದಿದ್ದಾರೆ, ಗಂಜಿ ಇಳಿಯುತ್ತದೆ. ಕುತ್ತಿಗೆಯಲ್ಲಿ ಒಂದು ತೂತಿದೆ, ಉಸಿರು ಅಲ್ಲಿಂದ. ಅದರ ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಮುಂದೆ ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಸಾಧನ ಕೊಡುತ್ತಾರಂತೆ. ಆಸ್ಪತ್ರೆಯಲ್ಲಿ ಒಬ್ಬರು ಅದರಲ್ಲಿ ಮಾತಾಡುವುದನ್ನು ಕೇಳಿದೆ. ಮನುಷ್ಯರ ದನಿಯಲ್ಲ ಅದು.

ಸಂಜೆ ಏಳಕ್ಕೆ ಮನೋಹರ ಫೋನನ್ನು ಸ್ಪೀಕರಿಗೆ ಹಾಕಿ, ರೆಕಾರ್ಡು ಹಚ್ಚುತ್ತಾರೆ. ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ. ನಾನು ಕೇಳಿದ ಪ್ರಶ್ನೆಗೆ ಅವ್ವ ಉತ್ತರ ಕೊಡುತ್ತಾಳೆ, ಮತ್ತೆ ನಾನು ಮಾತಾಡುವವರೆಗೆ ತಾಳ್ಮೆಯಿಂದ ಕಾಯುತ್ತಾಳೆ. ಒಂದು ಮಾತೂ ಅಡ್ಡ ಬರುವುದಿಲ್ಲ. ಅವಳು ತಿರುಗಿ ನನ್ನನ್ನು ಏನೂ ಕೇಳುವುದಿಲ್ಲ. ಎಷ್ಟು ಸುಸೂತ್ರವಾಗಿ ನಡೆದಿದೆ ಎಂದರೆ, ನಿನ್ನೆ ಫೋನು ಇಟ್ಟ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ದನಿಯೇ ನೀನು ಎಂದವಳು ಅವಳು. ಮಗಳ ಜಾಗದಲ್ಲಿ ಯಂತ್ರ ಕೂತು ಮೂವತ್ತು ದಿನ ಮಾತಾಡಿದರೂ ಅವಳಿಗೆ ತಿಳಿಯಲಿಲ್ಲವಲ್ಲ. ತಿಳಿಯಬಾರದೆಂದೇ ಇಷ್ಟೆಲ್ಲ ಮಾಡಿದೆ. ತಿಳಿಯಲಿಲ್ಲವೆಂದು ಈಗ ಸಂಕಟ. ನನ್ನ ಹುಚ್ಚುತನಕ್ಕೆ ನಗು.

ಅಳುವಾಗಲೂ ಸದ್ದು ಬರುವುದಿಲ್ಲ. ಮನೋಹರ ಅಡುಗೆಮನೆಯಲ್ಲಿದ್ದರು, ಅವರಿಗೆ ಗೊತ್ತೇ ಆಗಲಿಲ್ಲ.

ಇನ್ನು ಇಪ್ಪತ್ತೊಂದು ರೆಕಾರ್ಡು ಉಳಿದಿವೆ.

ನಾಗಲಕ್ಷ್ಮಿ

*

ಬ್ಯಾಡಗಿ
26 ಮಾರ್ಚ್ 2025

ಪೂಜ್ಯ ಅಕ್ಕೋರಿಗೆ,

ಇದ್ದದ್ದು ಇದ್ದ ಹಾಗೆ ಬರೆ ಎಂದಿದ್ದಿರಿ. ನಾನು ಬರೆಯಲಿಲ್ಲ. ಮುದುಕವ್ವ ಅಮ್ಮನಿಗೆ ಮಾತು ಕೊಟ್ಟಿದ್ದೆ. ಆದರೆ ನಿಮ್ಮ ಈ ಪತ್ರ ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಅಂದು ಫೋನು ಮುಗಿದ ಮೇಲೆ ಅಮ್ಮ ಸೊಸೆಗೆ ಚಹಾ ಮಾಡಲು ಹೇಳಿ ಒಳಗೆ ಕಳಿಸಿದರು. ನನ್ನ ಮೊಣಕಾಲು ಹಿಡಿದುಕೊಂಡು, "ನಾಗಿ ಜೀಂವಂತ ಅದಾಳೋ ಇಲ್ಲೋ, ಅಷ್ಟ ಹೇಳು" ಎಂದರು.

ನನ್ನ ನಾಲಗೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿತು. ಅಮ್ಮನೇ ಹೇಳತೊಡಗಿದರು. ಮೊದಲ ದಿನವೇ ಅವರಿಗೆ ಸಂಶಯ ಬಂದಿತ್ತಂತೆ. ಮೂರನೆಯ ದಿನ ಬೇಕೆಂದೇ, ನಮ್ಮ ಎಮ್ಮೆ ಸತ್ತಿತು ಎಂದು ಫೋನಿನಲ್ಲಿ ಹೇಳಿ ನೋಡಿದರಂತೆ. ಅದಕ್ಕೆ ನಿಮ್ಮ ದನಿ, ಹೌದನ, ಚಲೋ ಆತ ಬಿಡು ಎಂದಿತಂತೆ.

"ಎಮ್ಮಿ ಸತ್ರ ಚಲೋ ಆತ ಅಂತಾಳೇನೋ ನನ್ನ ಮಗಳು?" ಎಂದು ಅಮ್ಮ ನನ್ನನ್ನು ಕೇಳಿದರು. ಅಂದಿನಿಂದ ನೀವು ಇಲ್ಲವಾಗಿದ್ದೀರಿ, ಅದನ್ನು ಎಲ್ಲರೂ ಸೇರಿ ಮುಚ್ಚಿಟ್ಟಿದ್ದಾರೆ ಎಂದೇ ಅವರು ಒಂಬತ್ತು ದಿನ ತಿಳಿದಿದ್ದರು. ಹಾಗೆ ತಿಳಿದೂ ದಿನಾ ಏಳಕ್ಕೆ ಕಿವಿಗೊಟ್ಟು ಕೂತು ಉತ್ತರ ಕೊಟ್ಟಿದ್ದಾರೆ.

ನಾನು ಎಲ್ಲವನ್ನೂ ಹೇಳಿದೆ. ತುಂಬ ಹೊತ್ತು ಹಿಡಿಯಿತು, ಚಹಾ ಆರಿಹೋಯಿತು. ಜೀವಕ್ಕೆ ಅಪಾಯವಿಲ್ಲ ಎಂದಾಗ ಸೆರಗಿನಿಂದ ಮುಖ ಒರೆಸಿಕೊಂಡರು. ನಿಮಗೆ ಪತ್ರ ಬರೆಯುತ್ತೇನೆ ಎಂದೆ. ಬೇಡವೆಂದರು. "ನನಗ ಗೊತ್ತಾಗಬಾರ್ದಂತ ಆಕಿ ಇಷ್ಟ ಒದ್ದಾಡ್ಯಾಳ. ಆಕಿಗೆ ಗೊತ್ತಾಗಬಾರ್ದಂತ ನಾ ಒಂದೀಟ ಸುಮ್ಕ ಇರಾಕ ಬರೂದಿಲ್ಲೇನು?" ಎಂದರು.

ಅವರು ಏನೂ ತಿರುಗಿ ಕೇಳದಿರುವುದು ಅದಕ್ಕೆ, ಅಕ್ಕೋರೆ. ಕೇಳಿದರೆ ಯಂತ್ರ ತಪ್ಪು ಉತ್ತರ ಕೊಟ್ಟೀತು, ನೀವು ಸಿಕ್ಕಿಬಿದ್ದೀರಿ ಎಂದು. ಎಮ್ಮೆಯ ಮಾತನ್ನು ಮನೋಹರ ಸರ್ ಆಸ್ಪತ್ರೆಯಲ್ಲಿ ಕೇಳಿಸಿಕೊಂಡಿರಲೇಬೇಕು. ಅವರೂ ನಿಮಗೆ ಹೇಳಿದಂತಿಲ್ಲ.

ಊರಿಗೆ ಹೋಗಿ ಬನ್ನಿ. ನಾನು ಬೇಕಾದರೆ ಜೊತೆಗೆ ಬರುತ್ತೇನೆ.

ದುರ್ಗೇಶ

*

ಹಲಗೇರಿ
9 ಏಪ್ರಿಲ್ 2025

ಚಿ. ದುರ್ಗೇಶ,

ನಿನ್ನ ಪತ್ರವನ್ನು ಮನೋಹರ ಅವರ ಮುಂದಿಟ್ಟೆ. ಓದಿ ತಲೆ ತಗ್ಗಿಸಿದರು. ಆಸ್ಪತ್ರೆಯ ವರಾಂಡದಲ್ಲಿ ಎಮ್ಮೆಯ ಮಾತು ಕೇಳಿದಾಗಿನಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ದಿನಾ ಗುಂಡಿ ಒತ್ತಿದ್ದಾರೆ.

ಭಾನುವಾರ ಇಲ್ಲಿಗೆ ಬಂದೆ. ನಿನ್ನನ್ನು ಕರೆಯಲಿಲ್ಲ, ಬೇಸರಿಸಬೇಡ. ಇದನ್ನು ನಾನೇ ಮಾಡಬೇಕಿತ್ತು.

ಅವ್ವ ಕಟ್ಟೆಯ ಮೇಲಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಯಾರು ಎಂದಳು. ನನ್ನ ಜೀವನದಲ್ಲಿ ಅವ್ವ ನನ್ನನ್ನು ಯಾರು ಎಂದು ಕೇಳಿದ್ದು ಅದೇ ಮೊದಲು. ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ನಾನು ಬರೆಯಬಲ್ಲೆ, ಅವಳು ಓದಲಾರಳು. ಬರುವ ದಾರಿಯುದ್ದಕ್ಕೂ ಇದೊಂದು ನನಗೆ ಹೊಳೆದಿರಲಿಲ್ಲ. ಅವಳ ಕೈ ಹಿಡಿದೆ. ಅವಳು ನನ್ನ ಬಳೆ ಮುಟ್ಟಿದಳು, ತೋಳು ಮುಟ್ಟಿದಳು. ಕೈ ಮೇಲಕ್ಕೆ ಬಂದು ಕುತ್ತಿಗೆಯ ಬಟ್ಟೆಯ ಹತ್ತಿರ ನಿಂತಿತು. ಬಟ್ಟೆಯ ಒಳಗಿನಿಂದ ಬಿಸಿ ಗಾಳಿ ಅವಳ ಬೆರಳಿಗೆ ತಾಗಿತು. ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಇಲ್ಲಿಂದ ಉಸರಾಡ್ತೀಯೇನವ್ವಾ" ಎಂದಳು.

ಆಮೇಲೆ ಅವಳೇ ಒಂದು ದಾರಿ ಮಾಡಿದಳು. ನನ್ನ ಬೆರಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಹೌದಾದರೆ ಒಂದು ಸಲ ಒತ್ತು, ಇಲ್ಲವಾದರೆ ಎರಡು ಸಲ ಎಂದಳು. ಮೂರು ದಿನದಿಂದ ಹೀಗೆಯೇ ಮಾತಾಡುತ್ತಿದ್ದೇವೆ. ಮೊದಲೆಲ್ಲ ಕೇಳುವವಳು ನಾನಾಗಿದ್ದೆ. ಈಗ ಅವಳು ಕೇಳುತ್ತಾಳೆ. ಉಂಡೆಯಾ, ನಿದ್ದೆ ಬಂತಾ, ಅಳಿಯ ಚೆನ್ನಾಗಿ ನೋಡಿಕೊಳ್ಳುತ್ತಾನಾ. ಒಂದು, ಒಂದು, ಒಂದು.

ಇವತ್ತು ಮಧ್ಯಾಹ್ನ ಒಂದು ಕೈಯಿಂದ ನನ್ನ ತಲೆಗೆ ಎಣ್ಣೆ ಹಚ್ಚುತ್ತ, ನೋವು ಇದೆಯಾ ಎಂದು ಕೇಳಿದಳು. ನಾನು ಎರಡು ಸಲ ಒತ್ತಿದೆ.

ಅವ್ವ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. ನನ್ನ ಬೆರಳನ್ನು ಮಾತ್ರ ಬಿಡಲಿಲ್ಲ. "ಬೆರಳಿಗೂ ಸುಳ್ಳ ಹೇಳಾಕ ಕಲಿಸಿದೇನು ನಾಗೀ" ಎಂದಳು.

ಮತ್ತೆ ಒತ್ತಿದೆ. ಈ ಸಲ ಒಂದೇ.

ನಿನ್ನ
ನಾಗಲಕ್ಷ್ಮಿ ಅಕ್ಕೋರು